ಕಾಡಂಚಿನ ಗ್ರಾಮಗಳ ಮುಖಂಡರೂ ಕೆಳದರ್ಜೆಯ ಸರ್ಕಾರಿ ನೌಕರರೂ

ಕೆರೆ ಎಷ್ಟು ದೊಡ್ಡದಾಗಿದ್ದರೂ ಗದ್ದೆಗೆ ನೀರು ಬರುವುದು ತೂಬಿನ ಮೂಲಕವೇ. ತೂಬು ಹೂಳಿನಿಂದ ಕಟ್ಟಿಕೊಂಡರೆ ಕೆರೆ ತುಂಬಿದ್ದರೂ ಬೆಳೆ ಒಣಗುವುದು; ತೂಬು ಒಡೆದುಹೋದರೆ ಕೆರೆಯೇ ಬರಿದಾಗುವುದು. ಕಾಡು, ಗೋಮಾಳ, ಕೆರೆಕಟ್ಟೆ ಮೊದಲಾದ ಸಾಮಾನ್ಯ ಸ್ವತ್ತುಗಳನ್ನು ಸರ್ಕಾರವೂ ಗ್ರಾಮಸ್ಥರೂ ಕೂಡಿ ಕಾಪಾಡತಕ್ಕ ಏರ್ಪಾಡಿನಲ್ಲಿ ಈ ತೂಬಿನ ಸ್ಥಾನದಲ್ಲಿರುವವರು ಕೆಳದರ್ಜೆಯ ನೌಕರರು. ಗಸ್ತು ತಿರುಗುವ ಅರಣ್ಯ ಪಾಲಕರು, ಅವರ ಜೊತೆಯ ಕಾವಲುಗಾರರು, ಉಪ ವಲಯ ಅರಣ್ಯಾಧಿಕಾರಿಗಳು, ಗ್ರಾಮ ಆಡಳಿತಾಧಿಕಾರಿಗಳು, ರೈತ ಸಂಪರ್ಕ ಕೇಂದ್ರದ ಕೃಷಿ ನೌಕರರು, ದನಗಳಿಗೆ ಲಸಿಕೆ ಹಾಕಲು ಬರುವ ಪಶುವೈದ್ಯ ಇಲಾಖೆಯವರು—ಇವರೇ ಹಳ್ಳಿಗರ ಕಣ್ಣಿಗೆ ಕಾಣುವ ಸರ್ಕಾರ. ಮೇಲಿನ ಕಚೇರಿಗಳಲ್ಲಿ ಆದ ಹುಕುಮುಗಳು ಇವರ ಬಾಯಿಂದ ಹಳ್ಳಿಗೆ ತಿಳಿಯುವುವು. ಹಳ್ಳಿಯ ಕಷ್ಟಸುಖಗಳು ಇವರ ಬರವಣಿಗೆಯಿಂದ ಮೇಲಕ್ಕೆ ತಿಳಿಯುವುವು. ಇಂತಹ ನೌಕರರ ಕೆಲಸವು ಏನು, ಅದು ಎಲ್ಲಿ ಕೆಡುವುದು, ಅದು ಕೆಡದಂತೆ ಗ್ರಾಮದ ಮುಖಂಡರೂ ಜಮೀನುದಾರರೂ ಏನು ಮಾಡತಕ್ಕುದು ಎಂಬುದನ್ನು ಕಾಮಗೆರೆಯ ಸುತ್ತಣ ಸೀಮೆಯ ನಿದರ್ಶನಗಳಿಂದ ಇಲ್ಲಿ ವಿವರಿಸಲಾಗಿದೆ.

ಸೀಮೆಯ ಸ್ಥಿತಿ

ಕಾಮಗೆರೆಯು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿರುವುದು. ಇದರ ಒಂದು ಕಡೆಗೆ ಬಿಳಿಗಿರಿರಂಗನ ಬೆಟ್ಟದ ಸಾಲು, ಇನ್ನೊಂದು ಕಡೆಗೆ ಮಲೆ ಮಹದೇಶ್ವರ ಬೆಟ್ಟದ ಸಾಲು. ಬಿಳಿಗಿರಿರಂಗನ ಬೆಟ್ಟವು 1974ರಲ್ಲಿ ವನ್ಯಜೀವಿಧಾಮವಾಗಿ, 2011ರಲ್ಲಿ ಹುಲಿ ರಕ್ಷಿತ ಪ್ರದೇಶವಾಯಿತು. ಸುಮಾರು 906 ಚದರ ಕಿಲೋಮೀಟರು ವಿಸ್ತಾರವುಳ್ಳ ಮಲೆ ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಈ ಎರಡು ಕಾಡುಗಳ ನಡುವೆ ಎಡೆಯಾರಹಳ್ಳಿ–ದೊಡ್ಡಸಂಪಿಗೆಯ ಹಾದಿಯಲ್ಲಿ ಆನೆಗಳು ಹೋಗಿಬರುವುವು. ಕಾಮಗೆರೆಗೆ ಸಮೀಪದ ಗುಂಡಾಲ್ ಜಲಾಶಯಕ್ಕೆ ನೀರು ಬರುವುದು ಬೆಟ್ಟದ ಮೇಲೆ ಬಿದ್ದ ಮಳೆಯಿಂದ. ಆದಕಾರಣ ಬೆಟ್ಟದಲ್ಲಿ ಕಾಡು ಕೆಟ್ಟರೆ ಬಯಲಿನಲ್ಲಿ ಬೇಸಾಯವು ಕೆಡುವುದೆಂಬುದನ್ನು ಈ ಸೀಮೆಯ ರೈತರಿಗೆ ಹೆಚ್ಚಾಗಿ ಹೇಳಬೇಕಾದುದಿಲ್ಲ. ರಾಗಿ, ಹುರುಳಿ, ಮುಸುಕಿನ ಜೋಳ ಬೆಳೆಯುವ ಮಳೆಯಾಶ್ರಯದ ಹೊಲಗಳು ಕಾಡಿನ ಅಂಚಿನ ವರೆಗೂ ಹಬ್ಬಿರುವುದರಿಂದ, ದನ ಕಾಡಿಗೆ ಹೋಗುವುದೂ ಕಾಡಿನ ಮೃಗ ಹೊಲಕ್ಕೆ ಬರುವುದೂ ನಿತ್ಯದ ಮಾತಾಗಿರುವುದು.

ಹಿಂದಿನ ಪದ್ಧತಿಯೂ ಈಗಿನದೂ

ಕೊಳ್ಳೇಗಾಲ ಸೀಮೆಯು 1956ರ ವರೆಗೆ ಮದ್ರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಇಲ್ಲಿಯ ಕಾಡುಗಳು 1882ರ ಮದ್ರಾಸು ಅರಣ್ಯ ಕಾಯಿದೆಗೆ ಒಳಪಟ್ಟಿದ್ದುವು. ಆ ಪದ್ಧತಿಯಲ್ಲಿ ಕಾಡು ಸರ್ಕಾರದ್ದು. ಗಾರ್ಡಿನ ಕೆಲಸವು ಒಳಗೆ ಬಂದವರನ್ನು ಹಿಡಿಯುವುದು. ಹಳ್ಳಿಗರಿಗೆ ಕಾಡಿನಲ್ಲಿದ್ದುದು ಸರ್ಕಾರ ಕೊಟ್ಟಷ್ಟೇ ಅನುಕೂಲ. ಗಾರ್ಡು ಹಿಡಿಯುವವರಾಗಿಯೂ ಹಳ್ಳಿಗರು ತಪ್ಪಿಸಿಕೊಳ್ಳುವವರಾಗಿಯೂ ಬಹುಕಾಲ ನಡೆದುದರಿಂದ, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬೆಳೆಯಲು ಆಸ್ಪದವಿರಲಿಲ್ಲ.

ಈ ಪದ್ಧತಿಯಿಂದ ಮಾತ್ರವೇ ಕಾಡು ಉಳಿಯಲಾರದೆಂಬುದು ಅನುಭವದಿಂದ ಗೊತ್ತಾಯಿತು. 1972ರಲ್ಲಿ ಪಶ್ಚಿಮ ಬಂಗಾಳದ ಮೇದಿನೀಪುರ ಜಿಲ್ಲೆಯ ಅರಾಬಾರಿ ಎಂಬಲ್ಲಿ ಎ. ಕೆ. ಬ್ಯಾನರ್ಜಿ ಎಂಬ ಅರಣ್ಯಾಧಿಕಾರಿಗಳು ಕೆಟ್ಟುಹೋಗಿದ್ದ ಸಾಲವೃಕ್ಷದ ಕಾಡನ್ನು ಸುತ್ತಲಿನ 11 ಹಳ್ಳಿಗಳ ಜನರ ಕಾವಲಿಗೆ ಒಪ್ಪಿಸಿದರು. ಅದಕ್ಕೆ ಪ್ರತಿಫಲವಾಗಿ ಕಾಡಿನ ಕೆಲಸದಲ್ಲಿ ಕೂಲಿಯೂ ಉತ್ಪತ್ತಿಯಲ್ಲಿ ನೂರಕ್ಕೆ 25 ಪಾಲೂ ಗೊತ್ತಾದುವು. ಕಡಿದ ಬೊಡ್ಡೆಗಳಿಂದಲೇ ಕಾಡು ಮತ್ತೆ ಚಿಗುರಿ ನಿಂತಿತು. 1988ರ ರಾಷ್ಟ್ರೀಯ ಅರಣ್ಯ ನೀತಿಯಲ್ಲಿ ಗ್ರಾಮಸ್ಥರ ಪಾತ್ರವನ್ನು ಒಪ್ಪಲಾಯಿತು. 1990ರಲ್ಲಿ ಭಾರತ ಸರ್ಕಾರವು ಎಲ್ಲ ರಾಜ್ಯಗಳಿಗೂ ಸೂಚನೆ ಕಳುಹಿಸಿತು. ಕರ್ನಾಟಕ ಸರ್ಕಾರವು 1993ರಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆಜ್ಞೆಯನ್ನು ಹೊರಡಿಸಿತು; ಇದರಂತೆ ಗ್ರಾಮ ಅರಣ್ಯ ಸಮಿತಿಗಳು ಏರ್ಪಟ್ಟುವು.

ಈ ಸಮಿತಿಯ ರಚನೆಯಲ್ಲಿ ಗಮನಿಸತಕ್ಕ ಒಂದು ವಿಷಯವುಂಟು. ಅಧ್ಯಕ್ಷರು ಗ್ರಾಮದವರು, ಸದಸ್ಯ ಕಾರ್ಯದರ್ಶಿಯು ಅರಣ್ಯ ಇಲಾಖೆಯ ಉಪ ವಲಯ ಅರಣ್ಯಾಧಿಕಾರಿ. ಸಭೆ ಕರೆಯುವುದು, ನಡಾವಳಿ ಬರೆಯುವುದು, ಲೆಕ್ಕವಿಡುವುದು ಮೊದಲಾದ ಕೆಲಸಗಳು ಬಹುಮಟ್ಟಿಗೆ ಕಾರ್ಯದರ್ಶಿಯ ಕೈಯಲ್ಲಿರುವುವು. ಸಮಿತಿಯು ಬದುಕುವುದೂ ನಿದ್ರಿಸುವುದೂ ಅವರ ಆಸಕ್ತಿಯನ್ನು ಅವಲಂಬಿಸಿರುವುದು. ಯೋಜನೆಯ ಹಣ ಬರುತ್ತಿದ್ದಾಗ ಚುರುಕಾಗಿದ್ದ ಅನೇಕ ಸಮಿತಿಗಳು ಹಣ ನಿಂತೊಡನೆ, ಇಲ್ಲವೆ ಕಾರ್ಯದರ್ಶಿಯು ವರ್ಗವಾದೊಡನೆ, ಹೆಸರಿಗೆ ಮಾತ್ರ ಉಳಿದುವು.

2006ರ ಅರಣ್ಯ ಹಕ್ಕುಗಳ ಕಾಯಿದೆಯು ಇನ್ನೂ ಮುಂದೆ ಹೋಗಿ, ಮೇವು, ಕಿರು ಉತ್ಪನ್ನ ಮೊದಲಾದವುಗಳಲ್ಲಿ ಅರಣ್ಯವಾಸಿಗಳಿಗೆ ಇರುವ ರೂಢಿಯ ಹಕ್ಕುಗಳನ್ನು ಮನ್ನಿಸಿ, ಅವುಗಳ ನಿಶ್ಚಯವನ್ನು ಗ್ರಾಮಸಭೆಯಿಂದ ಆರಂಭಿಸಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳು ದೊರೆತುವು. ಹುಲಿ ರಕ್ಷಿತ ಪ್ರದೇಶದೊಳಗೆ ಇಂತಹ ಹಕ್ಕು ದೊರೆತುದು ದೇಶದಲ್ಲಿ ಅದೇ ಮೊದಲು. ಈ ಕಾಯಿದೆಯಲ್ಲಿಯೂ ಕೆಳದರ್ಜೆಯ ನೌಕರರ ಸ್ಥಾನವು ಸ್ಪಷ್ಟವಾಗಿರುವುದು. 2012ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, ಅರಣ್ಯ ಹಕ್ಕು ಸಮಿತಿಯು ತಿಳಿಸಿದಾಗ ಅರಣ್ಯ ಮತ್ತು ಕಂದಾಯ ಇಲಾಖೆಯ ನೌಕರರು ಸ್ಥಳ ಪರಿಶೀಲನೆಯ ಕಾಲದಲ್ಲಿ ಹಾಜರಿದ್ದು, ನಡಾವಳಿಗೆ ತಮ್ಮ ಹುದ್ದೆ, ತಾರೀಖು, ಅಭಿಪ್ರಾಯಗಳೊಡನೆ ರುಜು ಹಾಕತಕ್ಕುದು. ಹಾಜರಾಗದಿರುವುದೂ ರುಜು ಹಾಕದಿರುವುದೂ ಅವರ ಇಷ್ಟಕ್ಕೆ ಬಿಟ್ಟ ಮಾತಲ್ಲ.

ಕೆಳದರ್ಜೆಯ ನೌಕರರಿಂದ ಆಗತಕ್ಕ ಕೆಲಸ

ಇವರ ಕೆಲಸವನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

(1) ಅರಿವನ್ನು ಮೇಲಕ್ಕೆ ಮುಟ್ಟಿಸುವುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ತರಗು ಬೆಂಕಿ ಎಂಬ ಪದ್ಧತಿಯಿದ್ದಿತು. ಬೇಸಿಗೆ ಬಲಿಯುವುದಕ್ಕೆ ಮುಂಚೆ, ತರಗೆಲೆ ಹೆಚ್ಚಾಗಿ ಕೂಡುವುದರೊಳಗೆ, ನೆಲಮಟ್ಟದ ಸಣ್ಣ ಬೆಂಕಿಯಿಂದ ಅದನ್ನು ಸುಡುತ್ತಿದ್ದರು. ವನ್ಯಜೀವಿಧಾಮವಾದ ಮೇಲೆ ಇದು ನಿಂತಿತು. ಅನಂತರ ಲಂಟಾನ ಹಬ್ಬಿತೆಂದೂ, ನೆಲ್ಲಿಯ ಮರಗಳ ಮೇಲೆ ಬದನಿಕೆ ಹೆಚ್ಚಿತೆಂದೂ ಸೋಲಿಗ ಹಿರಿಯರು ಹೇಳುವರು. ವಿಜ್ಞಾನಿಗಳೂ ಇದನ್ನು ಗಮನಕ್ಕೆ ತೆಗೆದುಕೊಂಡು ಪರಿಶೀಲಿಸಿರುವರು. ಇದರಿಂದ ಯಾರಾದರೂ ಕಾಡಿಗೆ ಬೆಂಕಿಯಿಡಬಹುದೆಂದು ತಿಳಿಯಕೂಡದು. ಅದು ಅಪರಾಧವೇ ಸರಿ. ಇಲ್ಲಿ ಗ್ರಹಿಸತಕ್ಕುದೇನೆಂದರೆ, ಕಾಡಿನಲ್ಲಿಯೇ ಹುಟ್ಟಿ ಬೆಳೆದವರ ಅನುಭವವು ಮೊದಲು ಕಿವಿಗೆ ಬೀಳುವುದು ಗಸ್ತಿನವರಿಗೆ. ಅವರು ಅದನ್ನು ದಿನಚರಿಯಲ್ಲಿ ಬರೆದರೆ ಮೇಲಧಿಕಾರಿಗಳಿಗೆ ತಿಳಿಯುವುದು; ಕೇಳಿ ಸುಮ್ಮನಾದರೆ ಅಲ್ಲಿಯೇ ಅಡಗುವುದು.

(2) ನಿಯಮವನ್ನು ಸ್ಥಳಕ್ಕೆ ತಕ್ಕಂತೆ ನಡೆಸುವುದು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಅಭಯಾರಣ್ಯದ ಒಳಗೂ ಅದರಿಂದ 5 ಕಿಲೋಮೀಟರಿನ ಒಳಗೂ ಇರುವ ದನಕರುಗಳಿಗೆ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿಸುವ ಏರ್ಪಾಡು ಆಗತಕ್ಕುದು; ಲಸಿಕೆ ಆಗದ ದನವನ್ನು ಅಭಯಾರಣ್ಯದೊಳಗೆ ಮೇಯಿಸಕೂಡದು. ಕಾಲುಬಾಯಿ ಜ್ವರದಂತಹ ರೋಗಗಳು ದನದಿಂದ ಕಾಟಿ, ಕಡವೆಗಳಿಗೂ ಹರಡಬಹುದಾದುದೇ ಇದಕ್ಕೆ ಕಾರಣ. ಈ ನಿಯಮವು ಕಾಗದದಲ್ಲಿದ್ದರೆ ಪ್ರಯೋಜನವಿಲ್ಲ. ಪಶುವೈದ್ಯ ಇಲಾಖೆಯವರೂ ಅರಣ್ಯದವರೂ ಗ್ರಾಮದ ಮುಖಂಡರೂ ಒಂದು ದಿನವನ್ನು ಗೊತ್ತುಮಾಡಿ ದನಗಳನ್ನು ಒಂದು ಕಡೆಗೆ ಸೇರಿಸಿದರೆ ಮಾತ್ರ ಅದು ನಡೆಯುವುದು.

(3) ನಂಬಿಕೆಯನ್ನು ಗಳಿಸುವುದು. ಇದಕ್ಕೆ ಹನೂರು ಸೀಮೆಯಲ್ಲಿಯೇ ಒಂದು ದೊಡ್ಡ ನಿದರ್ಶನವುಂಟು. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲಿ, ಅವನ ಹಾವಳಿ ಬಲವಾಗಿದ್ದ ಕಾಲದಲ್ಲಿ, ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿಗಳು ಹಳ್ಳಿಗರ ನಡುವೆಯೇ ಬೀಡುಬಿಟ್ಟು, ಔಷಧ, ಕುಡಿಯುವ ನೀರು ಮೊದಲಾದ ಅನುಕೂಲಗಳನ್ನು ಮಾಡಿಸಿ, ಮಾರಿಯಮ್ಮನ ಗುಡಿಯನ್ನು ಕಟ್ಟಿಸಿಕೊಟ್ಟರು. 1991ನೆಯ ನವೆಂಬರು 10ರಂದು ಅವರು ವೀರಪ್ಪನಿಂದ ಹತರಾದರು. ಸರ್ಕಾರವು ಅವರಿಗೆ ಮರಣಾನಂತರ ಕೀರ್ತಿಚಕ್ರವನ್ನಿತ್ತು ಗೌರವಿಸಿತು. ಊರಿನವರು ಇಂದಿಗೂ ಅವರನ್ನು ಭಕ್ತಿಯಿಂದ ನೆನೆಯುವರು. ಅವರು ದೊಡ್ಡ ಹುದ್ದೆಯವರಾದರೂ ಮಾಡಿದುದು ಕೆಳದರ್ಜೆಯ ನೌಕರರು ಮಾಡಬಹುದಾದ ಕೆಲಸವನ್ನೇ: ಊರಿನಲ್ಲಿ ಇದ್ದರು, ಜನರ ಮಾತನ್ನು ಕೇಳಿದರು, ಒಪ್ಪಿಕೊಂಡುದನ್ನು ನಡೆಸಿದರು.

ಹೂಗ್ಯದ ಪಾಠ

ಈ ಮೂರು ಕೆಲಸಗಳು ಸಡಿಲವಾದ ಕಡೆಯಲ್ಲಿ ಎಂತಹ ಅನಾಹುತಕ್ಕೆ ದಾರಿಯಾಗಬಹುದೆಂಬುದನ್ನು ಯೋಚಿಸಲು 2025ನೆಯ ಜೂನ್ 26ರ ಸಂಗತಿಯೊಂದೇ ಸಾಕು. ಆ ದಿನ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದುವು. ಹುಲಿಯು ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿದ್ದುದು ಕಂಡುಬಂದು, ಕೆಲವರನ್ನು ಬಂಧಿಸಲಾಯಿತು. ಹೊರಗುತ್ತಿಗೆಯ ಕಾವಲುಗಾರರಿಗೆ ಕೆಲವು ತಿಂಗಳಿಂದ ಸಂಬಳ ಸಂದಿರಲಿಲ್ಲವೆಂಬುದೂ, ಅದಕ್ಕಾಗಿ ಅವರು ಅದೇ ದಿನಗಳಲ್ಲಿ ಪ್ರತಿಭಟಿಸಿದ್ದರೆಂಬುದೂ ಆಗ ಬಹಿರಂಗವಾಯಿತು.

ಹುಲಿಯು ದೊಡ್ಡ ಬೇಟೆಯನ್ನು ಒಂದೇ ಸಲ ತಿಂದು ಮುಗಿಸುವುದಿಲ್ಲ. ಮತ್ತೆ ಮತ್ತೆ ಬಂದು ತಿನ್ನುವುದು. ಮರಿಗಳಿದ್ದರೆ ಅವನ್ನೂ ಕರೆತರುವುದು. ಆದಕಾರಣ ಕಳೇಬರಕ್ಕೆ ಹಾಕಿದ ವಿಷವು ಒಂದು ಹುಲಿಯನ್ನಲ್ಲ, ಸಂಸಾರವನ್ನೇ ಕೊಲ್ಲುವುದು. ನರಿ, ಹದ್ದು, ಊರಿನ ನಾಯಿಗಳೂ ಅದಕ್ಕೆ ಬಲಿಯಾಗುವುವು. ಮಳೆ ಬಂದರೆ ವಿಷವು ಹಳ್ಳದ ನೀರಿಗೂ ಇಳಿಯಬಹುದು. ಬೆಳೆಯ ಹುಳುಗಳಿಗೆಂದು ಮನೆಯಲ್ಲಿಟ್ಟುಕೊಂಡ ಔಷಧವೇ ಇಂತಹ ಕೆಲಸಕ್ಕೆ ಸುಲಭವಾಗಿ ಕೈಗೆ ಸಿಕ್ಕುವುದಾದುದರಿಂದ, ಈ ವಿಷಯವು ಅರಣ್ಯ ಇಲಾಖೆಗೆ ಮಾತ್ರ ಸೇರಿದುದಲ್ಲ, ಕೃಷಿಗೂ ಸೇರಿದುದು.

ಹಸು ಸತ್ತುದಕ್ಕೂ ಹುಲಿ ಸತ್ತುದಕ್ಕೂ ನಡುವೆ ಒಂದು ಸರಪಣಿಯುಂಟು. ಲಂಟಾನವು ಹಬ್ಬಿದ ಕಡೆ ಹುಲ್ಲು ಬೆಳೆಯದು. ಊರಿನ ಗೋಮಾಳವು ಒತ್ತುವರಿಯಿಂದಲೋ ಮಿತಿಮೀರಿದ ಮೇವಿನಿಂದಲೋ ಬರಿದಾಗಿರುವುದು. ಹುಲ್ಲನ್ನರಸಿ ದನವು ಕಾಡಿನ ಒಳಒಳಕ್ಕೆ ಹೋಗುವುದು. ಅಲ್ಲಿ ಹುಲಿಯು ಅದನ್ನು ಹಿಡಿಯುವುದು. ದನ ಕಳೆದುಕೊಂಡ ಬಡವನು ಪರಿಹಾರ ದೊರೆಯುವುದೆಂದು ನಂಬದೆ, ಇಲ್ಲವೆ ಮೇಯಿಸಿದುದೇ ತಪ್ಪೆಂದು ದಂಡವಾಗುವ ಭಯದಿಂದ, ಯಾರಿಗೂ ಹೇಳದೆ ಇರುವನು. ಕೋಪವು ಒಳಗೇ ಕುದಿಯುವುದು. ಈ ಸರಪಣಿಯ ಪ್ರತಿಯೊಂದು ಕೊಂಡಿಯಲ್ಲಿಯೂ ಒಬ್ಬ ಕೆಳದರ್ಜೆಯ ನೌಕರನು ನಿಂತಿರುವನು. ಗೋಮಾಳದ ಎಲ್ಲೆಯನ್ನು ತೋರಿಸತಕ್ಕವರು ಕಂದಾಯದವರು. ಮೇವಿನ ಬೆಳೆಯನ್ನು ಕಲಿಸತಕ್ಕವರು ಕೃಷಿಯವರು ಮತ್ತು ಪಶುವೈದ್ಯದವರು. ದನ ಸತ್ತ ದಿನವೇ ಬಂದು ಮಹಜರು ಮಾಡತಕ್ಕವರು ಅರಣ್ಯದವರು. ಇವರಲ್ಲಿ ಒಬ್ಬರಾದರೂ ಸಕಾಲದಲ್ಲಿ ಬಂದರೆ ಸರಪಣಿಯು ಅಲ್ಲಿಗೆ ಮುರಿಯುವುದು. ವಿಷ ಹಾಕಿದ ಅಪರಾಧಕ್ಕೆ ಇದು ಕ್ಷಮೆಯಲ್ಲ. ಮತ್ತೊಮ್ಮೆ ಹಾಗಾಗದಂತೆ ತಡೆಯುವ ದಾರಿ ಮಾತ್ರ.

ಕಾವಲುಗಾರರ ಸ್ಥಿತಿಯನ್ನೂ ಗ್ರಾಮಸ್ಥರು ಯೋಚಿಸತಕ್ಕುದು. ಇವರಲ್ಲಿ ಅನೇಕರು ಕಾಡಂಚಿನ ಹಳ್ಳಿಗಳವರೇ, ಸೋಲಿಗರೂ ಇರುವರು. ಆನೆ ಅಟ್ಟುವುದು, ಬೇಸಿಗೆಯ ಬೆಂಕಿ ಆರಿಸುವುದು, ರಾತ್ರಿಯ ಗಸ್ತು—ಎಲ್ಲ ಅಪಾಯಗಳೂ ಇವರ ಪಾಲಿಗೆ. ಆನೆ ಹೊಲಕ್ಕೆ ಬಂದಾಗ ಬೈಗುಳವೂ ಇವರಿಗೇ. ಮೇಲಿನಿಂದ ವಿವರಣೆ ಕೇಳುವುದೂ ಇವರನ್ನೇ. ಹೊಟ್ಟೆಗಿಲ್ಲದವನು ಕಾಡಿನ ಕಾವಲು ಕಾಯಲಾರನು. ಇವರ ಸಂಬಳವು ಸಕಾಲದಲ್ಲಿ ಸಲ್ಲುವುದು ಊರಿನ ಹಿತಕ್ಕೂ ಸಂಬಂಧಪಟ್ಟ ಮಾತು.

ಗ್ರಾಮದ ಮುಖಂಡರು ಮಾಡತಕ್ಕುದು

ವಂಶಪಾರಂಪರ್ಯವಾದ ಪಟೇಲಿಕೆ, ಶಾನುಭೋಗಿಕೆಗಳು 1961ರ ಕಾಯಿದೆಯಿಂದ ರದ್ದಾದುವು. ಆದರೂ ಊರಿನ ಯಜಮಾನರ ಮಾತಿಗೂ ಜಮೀನುದಾರರ ನಡತೆಗೂ ಹಳ್ಳಿಯಲ್ಲಿ ಬೆಲೆಯುಂಟು. ಅವರು ಕೆಳಕಂಡ ವಿಷಯಗಳಲ್ಲಿ ಮುಂದಾಗುವುದು ಒಳ್ಳೆಯದು.

(1) ಗ್ರಾಮ ಅರಣ್ಯ ಸಮಿತಿಯು ಹೆಸರಿಗೆ ಮಾತ್ರ ಇರುವ ಊರುಗಳಲ್ಲಿ, ಕಾರ್ಯದರ್ಶಿಯವರಿಂದ ನಡಾವಳಿ ಪುಸ್ತಕವನ್ನೂ ಲೆಕ್ಕವನ್ನೂ ಸಭೆಯ ಮುಂದೆ ತರಿಸಿ ಓದಿಸಬೇಕು. ಕೇಳದ ಊರಿಗೆ ಯಾರೂ ತಾವಾಗಿ ಲೆಕ್ಕ ಹೇಳುವುದು ಅಪರೂಪ.

(2) ಒಬ್ಬ ನೌಕರರೊಡನೆ ಆದ ಒಪ್ಪಂದವನ್ನು ಬಾಯಿಮಾತಿನಲ್ಲಿ ಬಿಡಕೂಡದು. ಯಾವ ಕಡೆ ಎಷ್ಟು ಕಾಲ ಮೇವು ನಿಲ್ಲಿಸುವುದು, ಸೌದೆಯನ್ನು ಎಲ್ಲಿಂದ ತರುವುದು, ಬೆಂಕಿ ಬಿದ್ದರೆ ಯಾರು ಯಾರು ಹೋಗುವುದು—ಇವೆಲ್ಲವನ್ನೂ ಬರೆದು, ಇಬ್ಬರ ರುಜುವಾದ ಮೇಲೆ ಪಂಚಾಯತಿಯಲ್ಲಿ ಒಂದು ಪ್ರತಿಯನ್ನಿಡಬೇಕು. ನೌಕರರು ವರ್ಗವಾಗುವರು, ಕಾಗದವು ಉಳಿಯುವುದು. ಹೊಸದಾಗಿ ಬಂದವರಿಗೆ ಮೊದಲ ವಾರದಲ್ಲಿಯೇ ಅದನ್ನು ತೋರಿಸಿ, ಕಾಡಿನ ಅಂಚನ್ನೂ ಗೋಮಾಳದ ಎಲ್ಲೆಯನ್ನೂ ನಡೆದು ತೋರಿಸಬೇಕು.

(3) ದನವನ್ನು ಮೃಗವು ಕೊಂದರೆ ಕಳೇಬರವನ್ನು ಮುಟ್ಟದೆ, ಸ್ಥಳಾಂತರಿಸದೆ, ಕೂಡಲೇ ಅರಣ್ಯ ಪಾಲಕರಿಗೂ ಪಶುವೈದ್ಯರಿಗೂ ತಿಳಿಸಿ ಮಹಜರು ಮಾಡಿಸಬೇಕು. ಓದುಬರಹವಿಲ್ಲದವರ ಪರವಾಗಿ ಅರ್ಜಿ ಬರೆದುಕೊಡಲು ಊರಿನಲ್ಲಿ ಒಬ್ಬಿಬ್ಬರನ್ನು ಗೊತ್ತುಮಾಡಿಡಬೇಕು. ವಿಷದ ಯೋಚನೆ ಯಾರ ಬಾಯಲ್ಲಿ ಕೇಳಿಬಂದರೂ ಯಜಮಾನರು ಅಂದೇ ತಡೆಯಬೇಕು.

(4) ಗೋಮಾಳವನ್ನು ಮೂರು ನಾಲ್ಕು ಭಾಗ ಮಾಡಿ, ಒಂದೊಂದು ಭಾಗವನ್ನು ಸರದಿಯ ಮೇಲೆ ಮೇವಿಗೆ ಬಿಟ್ಟು, ಉಳಿದುದಕ್ಕೆ ಬಿಡುವು ಕೊಟ್ಟರೆ ಹುಲ್ಲು ಬೀಜಗಟ್ಟಿ ಮತ್ತೆ ಹುಟ್ಟುವುದು. ಹಿಡುವಳಿ ಜಮೀನಿನ ಬದುಗಳ ಮೇಲೆ ಅಗಸೆ, ಗ್ಲಿರಿಸಿಡಿಯ ಮೊದಲಾದುವನ್ನು ಬೆಳೆಸಿದರೆ ಬೇಸಿಗೆಗೆ ಹಸಿರು ಮೇವು ದೊರೆಯುವುದಲ್ಲದೆ ಬದುವೂ ಗಟ್ಟಿಯಾಗುವುದು. ಹೆಚ್ಚು ಜಮೀನುಳ್ಳವರು ಮೊದಲು ಮಾಡಿ ತೋರಿಸಿದರೆ ಚಿಕ್ಕ ರೈತರು ಅನುಸರಿಸುವರು. ಇದಕ್ಕೆ ಬೇಕಾದ ಸಲಹೆಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಪಡೆಯಬಹುದು.

(5) ಸಮಿತಿಯ ಸಭೆಯಲ್ಲಿ ದೊಡ್ಡ ಹಿಡುವಳಿದಾರರ ಮಾತಷ್ಟೇ ನಡೆಯಕೂಡದು. ಕಾಡಿಗೆ ನಿತ್ಯ ಹೋಗುವವರು ಸೌದೆ ತರುವ ಹೆಂಗಸರೂ ದನ ಕಾಯುವವರೂ ಸೋಲಿಗರೂ ಅಲ್ಲವೆ? ಅವರನ್ನು ಬಿಟ್ಟು ಮಾಡಿದ ಕಟ್ಟಳೆಯು ಕಾಡಿನಲ್ಲಿ ನಡೆಯದು.

(6) ನೌಕರರು ತಪ್ಪಿ ನಡೆದರೆ, ಲಂಚ ಕೇಳಿದರೆ, ಬರಬೇಕಾದಾಗ ಬಾರದಿದ್ದರೆ, ಗ್ರಾಮಸಭೆಯ ಠರಾವಿನ ಮೂಲಕ ಮೇಲಧಿಕಾರಿಗಳಿಗೆ ಬರೆಯಬೇಕು. ಒಳ್ಳೆಯ ಕೆಲಸ ಮಾಡಿದಾಗಲೂ ಹಾಗೆಯೇ ಬರೆಯಬೇಕು. ಕಾವಲುಗಾರರ ಸಂಬಳ ನಿಂತಿದೆಯೆಂದು ತಿಳಿದಾಗ ಅದನ್ನೂ ಬರೆಯಬೇಕು. ದೂರು ಮಾತ್ರ ಮೇಲಕ್ಕೆ ಹೋಗುವ ಊರಿನಲ್ಲಿ ಒಳ್ಳೆಯ ನೌಕರರು ನಿಲ್ಲಲು ಇಷ್ಟಪಡುವುದಿಲ್ಲ.

ಈ ಕೆಲಸಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಡ. ಆದರೆ ವರ್ಷಕ್ಕೊಮ್ಮೆ ಮಾಡಿ ಬಿಡತಕ್ಕುವಲ್ಲ. ಮಳೆಗಾಲಕ್ಕೆ ಮುಂಚೆ ಕೆರೆಯ ತೂಬನ್ನು ಹೇಗೆ ಪ್ರತಿವರ್ಷವೂ ನೋಡಿ ಹೂಳು ತೆಗೆಸುವರೋ, ಹಾಗೆಯೇ ಊರಿಗೂ ಸರ್ಕಾರಕ್ಕೂ ನಡುವಣ ಈ ದಾರಿಯನ್ನೂ ನೋಡಿಕೊಳ್ಳುತ್ತಿರಬೇಕು. ಕಾಮಗೆರೆಯ ಸುತ್ತಣ ಗ್ರಾಮಗಳ ಮುಖಂಡರು ಮುಂದಿನ ಬೇಸಿಗೆಯ ಬೆಂಕಿಯ ಕಾಲ ಬರುವುದರೊಳಗಾಗಿ ತಮ್ಮ ಭಾಗದ ಅರಣ್ಯ ಪಾಲಕರನ್ನು ಒಂದು ಸಭೆಗೆ ಕರೆದು, ಮೇಲ್ಕಂಡ ಎರಡನೆಯ ಅಂಶದಂತೆ ಒಂದು ಕಾಗದವನ್ನಾದರೂ ಬರೆದಿಟ್ಟರೆ, ಅದೇ ಈ ಕಾರ್ಯಕ್ಕೆ ತಕ್ಕ ಆರಂಭವಾಗುವುದು.